ಮರಕ್ಕೆ ಹೊಡೆದದ್ದು ನನ್ನ ತಪ್ಪೋ, ಕೋರ್ಸ್‌ನ ತಪ್ಪೋ?

ನಿಮ್ಮ ಪ್ರಶ್ನೆ ಓದಿದೆ. ಹೊಸದಾಗಿ ಬಾಸ್ಟನ್ ಕಡೆಗೆ ಬಂದಿದ್ದೀರಿ. ಆಫೀಸಿನವರ ಜೊತೆ ಕಾಡಿನೊಳಗಿನ ಒಂದು ಡಿಸ್ಕ್ ಗಾಲ್ಫ್ ಕೋರ್ಸ್‌ಗೆ ಹೋಗಿ, ಹದಿನೆಂಟು ಹೋಲ್‌ನಲ್ಲೂ ಮರಕ್ಕೆ ಹೊಡೆದಿರಿ. ಜೊತೆಗಿದ್ದ ಒಬ್ಬರು ಅದನ್ನು ಅದ್ಭುತ ಕೋರ್ಸ್ ಅಂದರು, ಇನ್ನೊಬ್ಬರು ಬರೀ ಅದೃಷ್ಟದ ಆಟ ಅಂದರು. ಇವರಲ್ಲಿ ಯಾರು ಸರಿ, ಹೊಸಬರಾದ ನೀವು ಅದನ್ನು ಹೇಗೆ ತಿಳಿಯೋದು ಅಂತ ಕೇಳಿದ್ದೀರಿ.

ನಾನಿರುವುದು ವುಸ್ಟರ್ ಪಕ್ಕದಲ್ಲಿ. ಒಂಬತ್ತು ವರ್ಷದಿಂದ ಇಲ್ಲಿನ ಕಾಡುಗಳಲ್ಲಿ ಡಿಸ್ಕ್ ಎಸೆಯುತ್ತಿದ್ದೇನೆ. ಆಗಾಗ ಶನಿವಾರ ಗರಗಸ ಹಿಡಿದು ಕೋರ್ಸ್ ಚೊಕ್ಕ ಮಾಡುವವರ ಜೊತೆಗೂ ಹೋಗುತ್ತೇನೆ. ಹಾಗಾಗಿ ಈ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು.

ಆಟ ಗೊತ್ತಿಲ್ಲದೆ ಇದನ್ನು ಓದುವವರಿಗೆ ಎರಡು ಮಾತು. ಟೀ ಎಂಬ ಕಟ್ಟೆಯಿಂದ ಡಿಸ್ಕ್, ಅಂದರೆ ತಟ್ಟೆಯಂಥ ಪ್ಲಾಸ್ಟಿಕ್ ಬಿಲ್ಲೆ, ಎಸೆಯಬೇಕು. ಬಿದ್ದ ಕಡೆಯಿಂದ ಮತ್ತೆ ಎಸೆಯಬೇಕು. ಸರಪಳಿ ತೂಗುಬಿಟ್ಟ ಬಾಸ್ಕೆಟ್‌ಗೆ ಬಿದ್ದರೆ ಆ ಹೋಲ್ ಮುಗಿಯಿತು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದರು. ಈ ಸರಪಳಿ ಬಾಸ್ಕೆಟ್ ಎಡ್ ಹೆಡ್ರಿಕ್ ಅವರ ಕೊಡುಗೆ. ಕ್ಯಾಲಿಫೋರ್ನಿಯಾದ ಓಕ್ ಗ್ರೋವ್‌ನಲ್ಲಿ 1975ರಲ್ಲಿ ಅವರ ಮೊದಲ ಕೋರ್ಸ್ ಶುರುವಾಯಿತು.

ಈಗ ವಿಷಯಕ್ಕೆ ಬರ್ತೀನಿ. ಕ್ರಿಕೆಟ್ ಪಿಚ್ ನೆನಪಿಸಿಕೊಳ್ಳಿ. ಚೆಂಡು ಸಿಕ್ಕಾಪಟ್ಟೆ ತಿರುಗುವ ಪಿಚ್ ಕಷ್ಟದ್ದು, ಆದರೆ ಅಲ್ಲಿ ಕಾಲು ಚೆನ್ನಾಗಿ ಆಡಿಸುವವನು ರನ್ ಮಾಡುತ್ತಾನೆ. ಅದೇ ಜಾಗಕ್ಕೆ ಬಿದ್ದ ಚೆಂಡು ಒಮ್ಮೆ ಕಣಕಾಲಿಗೆ, ಒಮ್ಮೆ ತಲೆಗೆ ಬಂದರೆ ಆ ಪಿಚ್ ಕೆಟ್ಟದ್ದು. ಕಾಡಿನ ಕೋರ್ಸ್‌ನಲ್ಲೂ ನಾನು ಮೊದಲು ನೋಡುವುದು ಇದನ್ನೇ. ಒಳ್ಳೆ ಎಸೆತ ಪ್ರತಿ ಸಲವೂ ಒಳ್ಳೆ ಜಾಗಕ್ಕೆ ಹೋಗುತ್ತಾ? ಹೋದರೆ ಮರ ಎಷ್ಟೇ ಇರಲಿ, ಅದು ನ್ಯಾಯದ ಕೋರ್ಸ್.

ಇದನ್ನು ಪರೀಕ್ಷೆ ಮಾಡಲು ಟೀ ಮೇಲೆ ನಿಂತು ದಾರಿ ಹುಡುಕಿ. ಮರಗಳ ನಡುವೆ ಒಂದು ಸಂದು ಕಾಣಬೇಕು, ಡಿಸ್ಕ್ ಅದರಲ್ಲಿ ಹಾದು ಎಲ್ಲಿ ಇಳಿಯಬೇಕು ಅನ್ನುವುದೂ ಹೊಳೆಯಬೇಕು. ಆಮೇಲೆ ಆ ಸಂದು ಎಷ್ಟು ಅಗಲ ಅನ್ನುವುದರ ಜೊತೆಗೆ, ಎಷ್ಟು ದೂರದಲ್ಲಿದೆ ಅಂತಲೂ ನೋಡಿ. 30 ಅಡಿ ದೂರದ 10 ಅಡಿ ಸಂದು, 60 ಅಡಿ ದೂರದ 20 ಅಡಿ ಸಂದು, ಇವೆರಡೂ ಕೈಗೆ ಒಂದೇ ಗುರಿ. ಆದರೆ ತಪ್ಪಿದಾಗ ಶಿಕ್ಷೆ ಒಂದೇ ಅಲ್ಲ. ಟೀ ಮುಂದಿನ ಮರಕ್ಕೆ ಹೊಡೆದರೆ ಡಿಸ್ಕ್ ಕಾಲ ಬುಡಕ್ಕೇ ವಾಪಸ್ ಬರುತ್ತದೆ. 250 ಅಡಿ ಹೋಗಿ ಮರಕ್ಕೆ ತಾಗಿದರೆ ಅಷ್ಟೇನೂ ಕಳೆದುಕೊಳ್ಳುವುದಿಲ್ಲ. ಅದಕ್ಕೇ ಟೀ ಹತ್ತಿರ ಸ್ವಲ್ಪ ಉದಾರವಾಗಿದ್ದು, ಮುಂದೆ ಹೋದ ಹಾಗೆ ಬಿಗಿಯಾಗುವ ಹೋಲ್ ನನಗೆ ಇಷ್ಟ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಮೊದಲ ಸಂದೇ ಪರೀಕ್ಷೆ ಆಗಬೇಕು ಅನ್ನುವವರೂ ಇದ್ದಾರೆ.

ದಾರಿಯೇ ಇಲ್ಲದ ಹೋಲ್‌ಗೆ ಇಲ್ಲಿನವರು ಪೋಕ್ ಅಂಡ್ ಪ್ರೇ ಅಂತಾರೆ. ಮರಗಳ ನಡುವೆ ತೂರಿಸು, ಆಮೇಲೆ ದೇವರ ಮೇಲೆ ಭಾರ ಹಾಕು ಅಂತ. ಅಂಥದ್ದೊಂದು ಹೋಲ್ ನಾವು ಆಡುವ ಒಂದು ಚಿಕ್ಕ ಕೋರ್ಸ್‌ನಲ್ಲಿತ್ತು. ಉದ್ದ 280 ಅಡಿ. 200 ಅಡಿವರೆಗೆ ಬಯಲಿನ ಹಾಗೆ ಸಲೀಸು. ಆಮೇಲೆ ಎಳೆ ಪೈನ್ ಮರಗಳು, ನಾಲ್ಕೈದು ಅಡಿಗೊಂದು, ಬೇಲಿಗೂಟ ನೆಟ್ಟ ಹಾಗೆ. ಅವುಗಳ ಆಚೆ ಬಾಸ್ಕೆಟ್. ಒಂದು ಭಾನುವಾರ ನಾನೂ ಒಬ್ಬ ಗೆಳೆಯನೂ ಅಲ್ಲಿ ಇಪ್ಪತ್ತಿಪ್ಪತ್ತು ಸಲ ಎಸೆದು ನೋಡಿದೆವು. ಗೆಳೆಯ ನನಗಿಂತ ಎಷ್ಟೋ ಚೆನ್ನಾಗಿ ಆಡುತ್ತಾನೆ. ಆದರೂ ಆ ಹೋಲ್‌ನಲ್ಲಿ ಇಬ್ಬರ ಲೆಕ್ಕವೂ ಹೆಚ್ಚುಕಡಿಮೆ ಒಂದೇ ಬಂತು. ಅವನ ಅಭ್ಯಾಸಕ್ಕೆ ಅಲ್ಲಿ ಬೆಲೆಯೇ ಇರಲಿಲ್ಲ. ನನಗೆ ನಿಜಕ್ಕೂ ಬೇಜಾರಾಯಿತು. ಮುಂದಿನ ಚಳಿಗಾಲದಲ್ಲಿ ಅನುಮತಿ ತೆಗೆದುಕೊಂಡು ಒಂಬತ್ತು ಎಳೆ ಮರ ಕಡಿದೆವು. ನಡುವಿನ ಒಂದು ದಪ್ಪ ಓಕ್ ಮರವನ್ನು ಬೇಕಂತಲೇ ಉಳಿಸಿದೆವು. ಈಗ ಅದರ ಎಡಕ್ಕೆ ಅಗಲದ ದಾರಿ, ಆದರೆ ಸುತ್ತು. ಬಲಕ್ಕೆ ಕಿರಿದಾದ ದಾರಿ, ಆದರೆ ನೇರ. ಟೀ ಮೇಲೆ ನಿಂತವರು ಈಗ ಯೋಚನೆ ಮಾಡುತ್ತಾರೆ!

ಕೋರ್ಸ್ ವಿನ್ಯಾಸ ಮಾಡುವವರು ಇದನ್ನು ಅಂಕಗಳಿಂದಲೂ ಅಳೆಯುತ್ತಾರೆ. ಒಂದು ಹೋಲನ್ನು ಎಲ್ಲರೂ 3 ಎಸೆತದಲ್ಲೇ ಮುಗಿಸಿದರೆ ಆ ಹೋಲ್ ಯಾರನ್ನೂ ಏನೂ ಕೇಳುತ್ತಿಲ್ಲ. 2, 3, 4 ಹರಡಿ ಬರಬೇಕು. 2 ಬಂದವರು ಚೆನ್ನಾಗಿ ಎಸೆದವರೇ ಆಗಿರಬೇಕು. ಈ ಎರಡನೇ ಮಾತು ಜಾಸ್ತಿ ಮುಖ್ಯ.

ಇನ್ನೊಂದು, ದಾರಿಗಳು ಬೇರೆ ಬೇರೆ ಥರ ಇರಬೇಕು. ಬಲಗೈಯವರು ಮಾಮೂಲಿ ಬ್ಯಾಕ್‌ಹ್ಯಾಂಡ್ ಎಸೆದರೆ ಡಿಸ್ಕ್ ಕೊನೆಗೆ ಎಡಕ್ಕೆ ವಾಲುತ್ತದೆ, ಫೋರ್‌ಹ್ಯಾಂಡ್ ಎಸೆದರೆ ಬಲಕ್ಕೆ. ಎಲ್ಲ ಹೋಲ್‌ಗಳೂ ಎಡಕ್ಕೇ ತಿರುಗಿದರೆ ಒಂದೇ ಎಸೆತ ಕಲಿತವರು ಗೆಲ್ಲುತ್ತಾರೆ, ಎಡಗೈಯವರು ಸುಮ್ನೆ ಒದ್ದಾಡುತ್ತಾರೆ. ಎಡಕ್ಕೆ, ಬಲಕ್ಕೆ, ಅಡಿಕೆ ತೋಟದ ಸಾಲಿನ ಹಾಗೆ ನೇರಕ್ಕೆ, ಟೊಂಗೆಗಳ ಕೆಳಗೆ ತಗ್ಗಿಸಿ, ಹೀಗೆ ಎಲ್ಲವೂ ಬರಬೇಕು. ನಿಮ್ಮ ಕೋರ್ಸ್‌ನ ಹೋಲ್‌ಗಳನ್ನು ಮನೆಗೆ ಬಂದು ನೆನಪಿಸಿಕೊಳ್ಳಿ. ಹತ್ತಾದರೂ ಬೇರೆ ಬೇರೆಯಾಗಿ ಕಣ್ಣಿಗೆ ಬಂದರೆ ಅದು ಒಳ್ಳೆಯ ಲಕ್ಷಣ.

ಇಲ್ಲಿನ ಕಾಡಿನ ಕಥೆಯೂ ನಿಮಗೆ ಗೊತ್ತಿರಬೇಕು. ಕಾಡಿನ ನಡುವೆ ಉದ್ದುದ್ದ ಕಲ್ಲಿನ ಗೋಡೆ ನೋಡಿರುತ್ತೀರಿ, ನಮ್ಮ ಮಲೆನಾಡಿನ ಪಾಗಾರದ ಹಾಗೆ. ಹಿಂದೆ ಇದೆಲ್ಲ ಹೊಲ, ಹುಲ್ಲುಗಾವಲು. ಹಿಮನದಿಗಳು ಬಿಟ್ಟುಹೋದ ಕಲ್ಲುಗಳನ್ನು ರೈತರು ಆಯ್ದು ಗೋಡೆ ಕಟ್ಟಿದರು. ಹತ್ತೊಂಬತ್ತನೇ ಶತಮಾನದಲ್ಲಿ ಎಷ್ಟೋ ಜನ ಬೇಸಾಯ ಬಿಟ್ಟರು, ಕಾಡು ಮತ್ತೆ ಬೆಳೆಯಿತು. ಹಾಗಾಗಿ ಕಾಡಿನ ಎಷ್ಟೋ ಕಡೆ ಮರಗಳು ತೆಳ್ಳಗೆ, ಒತ್ತೊತ್ತಾಗಿ ನಿಂತಿವೆ. ಎಲ್ಲವನ್ನೂ ಕಡಿದರೆ ಕಾಡಿನ ಆಟವೇ ಹೋಯಿತು. ಏನೂ ಕಡಿಯದಿದ್ದರೆ ಆಡಲು ಆಗುವುದಿಲ್ಲ. ಯಾವ ಮರ ಉಳಿಸಬೇಕು ಅನ್ನುವುದರಲ್ಲೇ ಕೋರ್ಸ್ ಮಾಡಿದವರ ಕೈ ಗೊತ್ತಾಗುತ್ತದೆ. ಟೀ ಎದುರಿನ ಮೊದಲ ಮರವನ್ನೂ ನೋಡಿ. ದಿನಾ ಏಟು ತಿಂದು ತೊಗಟೆ ಪೂರ್ತಿ ಸುಲಿದಿದ್ದರೆ, ಆ ಮರ ಬಹಳ ವರ್ಷ ಬಾಳುವುದಿಲ್ಲ. ಮರ ಸತ್ತ ದಿನ ಆ ಹೋಲ್ ಕೂಡ ಸಾಯುತ್ತದೆ. ಚೆನ್ನಾಗಿ ನೋಡಿಕೊಳ್ಳುವ ಕಡೆ ಅಂಥ ಮರಗಳ ಮುಂದೆ ಗೂಟ ನೆಟ್ಟು ಕಾಪಾಡುತ್ತಾರೆ.

ಆಡಲು ಅನುಕೂಲ ಇದೆಯಾ ಅನ್ನುವುದು ಇನ್ನೊಂದು ಲೆಕ್ಕ. ಟೀ ಸಮತಟ್ಟಾಗಿರಬೇಕು, ಮಳೆಯಲ್ಲಿ ಜಾರಬಾರದು. 5 ಅಡಿ ಅಗಲ, 12 ಅಡಿ ಉದ್ದ ಇದ್ದರೆ ಓಡಿ ಬಂದು ಎಸೆಯಲು ಸಾಕು. ಮುಂದಿನ ಟೀ ಎಲ್ಲಿದೆ ಅಂತ ಬಾಣದ ಗುರುತು ಬೇಕು, ಕಾಡಿನಲ್ಲಿ ಅದಿಲ್ಲದಿದ್ದರೆ ಅರ್ಧ ಹೊತ್ತು ಹುಡುಕಾಟಕ್ಕೇ ಹೋಗುತ್ತದೆ. ಒಂದು ಹೋಲ್‌ನ ದಾರಿ ಇನ್ನೊಂದರ ಟೀಗೆ ತಾಗಿದ್ದರೆ ನಾನು ಅರ್ಧ ಅಂಕ ಅಲ್ಲೇ ಕಳೆಯುತ್ತೇನೆ. 175 ಗ್ರಾಂ ಡಿಸ್ಕ್ ಮರಗಳ ಮರೆಯಿಂದ ಮುಖಕ್ಕೆ ಬಂದರೆ ಏನಾಗುತ್ತದೆ ಯೋಚಿಸಿ. ದಾರಿ ಪಕ್ಕದ ಹಳು ಎಷ್ಟು ದಟ್ಟ ಅಂತಲೂ ನೋಡಿ. ತಪ್ಪಿದ ಎಸೆತಕ್ಕೆ ಒಂದು ಎಸೆತ ದಂಡ ಸಾಕು, ಡಿಸ್ಕ್ ಕೂಡ ಕಳೆದುಹೋಗಬೇಕಾ? ಅದರಲ್ಲೂ ಇಲ್ಲಿ ಪಾಯ್ಸನ್ ಐವಿ ಬಳ್ಳಿ ಇದೆ. ಮೂರು ಮೂರು ಎಲೆಯ ಗೊಂಚಲು. ಅದು ನಮ್ಮ ಗೇರುಮರದ ಕುಟುಂಬದ್ದೇ. ಗೇರು ಸೊನೆ ತಾಗಿದ ಹಾಗೇ ಚರ್ಮ ಕೆಂಪಾಗಿ ಬೊಕ್ಕೆ ಬರುತ್ತದೆ.

ನಿಮ್ಮಂಥ ಹೊಸಬರಿಗೆ ಬಹಳ ಮುಖ್ಯವಾದದ್ದು ಇದು: ನೀವು ಯಾವ ಟೀಯಿಂದ ಎಸೆದಿರಿ? ಒಂದೇ ಬಾಸ್ಕೆಟ್‌ಗೆ ಎರಡು ಮೂರು ಟೀ ಇರುತ್ತವೆ. ವುಸ್ಟರ್ ಪಕ್ಕದ ಲೆಸ್ಟರ್ ಊರಿನ ಮೇಪಲ್ ಹಿಲ್ ಕೋರ್ಸ್ ಇದಕ್ಕೆ ಚೆಂದದ ಉದಾಹರಣೆ. ಅದು ಕ್ರಿಸ್‌ಮಸ್ ಮರ ಬೆಳೆಯುವ ತೋಟದಲ್ಲಿದೆ. ಕೊಳ, ಕಾಡು, ಕಲ್ಲುಗೋಡೆ ಎಲ್ಲವೂ ಉಂಟು. ದೊಡ್ಡ ದೊಡ್ಡ ಆಟಗಾರರು ಗೋಲ್ಡ್ ಎಂಬ ಟೀಗಳಿಂದ ಆಡುತ್ತಾರೆ. ಮಿಕ್ಕವರಿಗೆ ಬ್ಲೂ, ವೈಟ್, ರೆಡ್ ಇವೆ. ಹೊಸಬರು ರೆಡ್‌ನಲ್ಲಿ ಆಡಿದರೆ ಅದೇ ಕೋರ್ಸ್ ಪ್ರೀತಿಯಿಂದ ಮಾತಾಡಿಸುತ್ತದೆ. ನಿಮ್ಮ ಗೆಳೆಯರು ಅಭ್ಯಾಸ ಬಲದಿಂದ ನಿಮ್ಮನ್ನು ಉದ್ದದ ಟೀಗೇ ಕರೆದುಕೊಂಡು ಹೋಗಿರಬಹುದು. ನಿಮ್ಮ ಕೈಗೆ 150 ಅಡಿ ದಾಟದಿದ್ದರೆ, 300 ಅಡಿಯವರಿಗೆ ಅಂತ ಬಿಡಿಸಿದ ದಾರಿಯ ತಿರುವೇ ನಿಮಗೆ ಸಿಗುವುದಿಲ್ಲ. ಆಗ ಕೋರ್ಸ್ ಬಗ್ಗೆ ತೀರ್ಪು ಕೊಡಲು ಆಗುವುದಿಲ್ಲ, ಅಲ್ವಾ?

ಹಾಗಾಗಿ ಇನ್ನೊಮ್ಮೆ ಅಲ್ಲಿಗೆ ಹೋಗಿ. ವಾರದ ನಡುವೆ, ಹಿಂದೆ ಯಾರೂ ಕಾಯದ ಹೊತ್ತಿನಲ್ಲಿ ಹೋಗಿ. ಚಿಕ್ಕ ಟೀಯಿಂದ, ಜೋರಾಗಿ ಹೋಗುವ ಡ್ರೈವರ್ ಬಿಟ್ಟು, ನಿಧಾನಕ್ಕೆ ನೇರ ಹೋಗುವ ಪಟ್ಟರ್ ಅಥವಾ ಮಿಡ್‌ರೇಂಜ್ ಡಿಸ್ಕ್‌ನಲ್ಲಿ ಒಂದೊಂದು ಹೋಲ್‌ಗೆ ಮೂರು ಸಲ ಎಸೆಯಿರಿ. ಎಷ್ಟರಲ್ಲಿ ಮುಗಿಸಿದಿರಿ ಅಂತ ಬರೆಯಬೇಡಿ. ನಿಮಗೇ ಚೆನ್ನಾಗಿ ಬಂತು ಅನಿಸಿದ ಎಸೆತ ಎಲ್ಲಿ ಬಿತ್ತು ಅಂತ ಬರೆಯಿರಿ. ಆಮೇಲೆ ಬಾಸ್ಕೆಟ್ ಹತ್ತಿರ ನಿಂತು ಟೀ ಕಡೆಗೆ ತಿರುಗಿ ನೋಡಿ. ಮುಂದಿನಿಂದ ಗೋಡೆಯ ಹಾಗೆ ಕಂಡ ಮರಗಳು ಅಲ್ಲಿಂದ ಎಷ್ಟೋ ಸಲ ಬಿಡಿಬಿಡಿಯಾಗಿ ಕಾಣುತ್ತವೆ, ಕೋರ್ಸ್ ಮಾಡಿದವರು ಇಟ್ಟ ದಾರಿ ಕಣ್ಣಿಗೆ ಬೀಳುತ್ತದೆ. ಅಲ್ಲಿಂದಲೂ ದಾರಿ ಕಾಣದ ಹೋಲ್ ನಾಲ್ಕೈದು ಸಿಕ್ಕರೆ ಅದೃಷ್ಟದ ಆಟ ಅಂದವರ ಮಾತು ಸರಿ. ಒಂದೆರಡು ಅಂಥವು ಒಳ್ಳೆ ಕೋರ್ಸ್‌ನಲ್ಲೂ ಇರುತ್ತವೆ.

ಹೋಗುವಾಗ ಉದ್ದ ಪ್ಯಾಂಟ್ ಹಾಕಿಕೊಂಡು, ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳಿ. ಇಲ್ಲಿ ಉಣುಗು ಜಾಸ್ತಿ. ನಮ್ಮಲ್ಲಿ ಮಂಗನ ಕಾಯಿಲೆ ಹರಡುವ ಹಾಗೆ ಇಲ್ಲಿ ಉಣುಗಿನಿಂದ ಲೈಮ್ ಕಾಯಿಲೆ ಬರುತ್ತದೆ. ಮನೆಗೆ ಬಂದ ತಕ್ಷಣ ಮೈಯೆಲ್ಲ ನೋಡಿಕೊಂಡು ಸ್ನಾನ ಮಾಡಿ. ಅಕ್ಟೋಬರ್ ಕೊನೆಯಲ್ಲಿ ಹೋಗುವುದಾದರೆ ಗುಲಾಬಿ ಬಣ್ಣದ ಡಿಸ್ಕ್ ಒಯ್ಯಿರಿ. ಹಳದಿ, ಕೆಂಪು ಡಿಸ್ಕ್ ತರಗೆಲೆಯೊಳಗೆ ಹೋದರೆ ಸಿಗುವುದೇ ಇಲ್ಲ. ಎಸೆದು ಬಂದ ಮೇಲೆ ಇಲ್ಲೇ ಬರೆಯಿರಿ, ಯಾವ ಹೋಲ್‌ನಲ್ಲಿ ಏನಾಯಿತು ಅಂತ ಓದಲು ನನಗೆ ತುಂಬಾ ಆಸೆ ಇದೆ.