ತಣ್ಣನೆಯ ಮಸಾಲೆ ಚಹಾ, ಸಕ್ಕರೆಯ ಹಂಗಿಲ್ಲದೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಮನೆಯವರಿಗೆ ಎರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಅನ್ನ, ಸಿಹಿ ತಿನಿಸು ಕಡಿಮೆ ಮಾಡಿ ಕಾರ್ಬೋಹೈಡ್ರೇಟ್ ಹಿಡಿತದಲ್ಲಿಡಬೇಕೆಂದು ವೈದ್ಯರು ಹೇಳಿದ್ದಾರೆ. ಊಟದಲ್ಲಿ ಪಥ್ಯ ಪಾಲಿಸುತ್ತಾರೆ, ಆದರೆ ಬೇಸಿಗೆಯ ಇಳಿಹೊತ್ತಿನಲ್ಲಿ ತಣ್ಣಗಿನದ್ದೇನಾದರೂ ಬೇಕೇ ಬೇಕು. ಬೆಂಗಳೂರಿನಲ್ಲಿ ಓದುವ ಮಗಳು ಐಸ್ ಹಾಕಿದ ಮಸಾಲೆ ಚಹಾ ಕುಡಿಸಿದಾಗಿನಿಂದ ಅದರದ್ದೇ ಜಪವಾಗಿದೆ. ಮನೆಯ ಚಹಾವನ್ನೇ ಸಕ್ಕರೆ ಬಿಟ್ಟು ಕಾಯಿಸಿ, ಫ್ರಿಜ್‌ನಲ್ಲಿಟ್ಟು ಕೊಟ್ಟೆ. ಒಂದು ಗುಟುಕು ಕುಡಿದವರೇ "ಇದು ಕಷಾಯ" ಎಂದು ಲೋಟ ಸರಿಸಿದರು. ಮಾಡುವ ಸರಿಯಾದ ಕ್ರಮವನ್ನು ತಿಳಿಸುವಿರಾ?
ಗೃಹಿಣಿ, ಸಿಂಧನೂರು

ಉತ್ತರ: ನಿಮ್ಮ ಮನೆಯವರ ನಾಲಿಗೆಯದು ಏನೂ ತಪ್ಪಿಲ್ಲ, ತಾಯಿ. ಬಿಸಿಯಾಗಿದ್ದಾಗ ಹಿತವೆನಿಸಿದ ಚಹಾ ತಣ್ಣಗಾದ ಮೇಲೆ ಸಪ್ಪೆಯೂ ಒಗರೂ ಆಗುವುದಕ್ಕೆ ಕಾರಣವಿದೆ. ಪಾನೀಯ ತಣ್ಣಗಾದಷ್ಟೂ ನಾಲಿಗೆಗೆ ಸಿಹಿ ಹತ್ತುವುದು ಕಡಿಮೆಯಾಗುತ್ತದೆ. ಆವಿಯಿಲ್ಲದ ಕಾರಣ ಯಾಲಕ್ಕಿ, ಶುಂಠಿಗಳ ಪರಿಮಳವೂ ಮೂಗಿಗೆ ಏರುವುದಿಲ್ಲ. ಚಹಾದ ಒಗರು ಮಾತ್ರ ಇದ್ದಲ್ಲೇ ಇರುತ್ತದೆ. ಅಂಗಡಿಗಳಲ್ಲಿ ಮಾರುವ ತಣ್ಣನೆಯ ಚಹಾಕ್ಕೆ ಬಿಸಿ ಚಹಾಕ್ಕಿಂತ ಹೆಚ್ಚು ಸಕ್ಕರೆ ಬೀಳುವುದು ಇದೇ ಕಾರಣಕ್ಕೆ. ಆದ್ದರಿಂದ ಸಕ್ಕರೆ ಬಿಡುವವರು ಮೊದಲು ಹುಡುಕಬೇಕಾದದ್ದು ಸಕ್ಕರೆಯ ಬದಲಿ ವಸ್ತುವನ್ನಲ್ಲ. ಒಗರನ್ನು ತಗ್ಗಿಸಿ ಪರಿಮಳವನ್ನು ಹೆಚ್ಚಿಸಿದರೆ ಸಿಹಿಯ ಕೊರತೆ ಅಷ್ಟಾಗಿ ಕಾಡುವುದಿಲ್ಲ.

ಕಾರ್ಬೋಹೈಡ್ರೇಟ್ ಎಲ್ಲಿಂದ ಬರುತ್ತದೆಂಬುದನ್ನು ಲೆಕ್ಕ ಹಾಕಿಕೊಳ್ಳೋಣ. ಸೋಸಿದ ಕಪ್ಪು ಚಹಾದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಮಸಾಲೆಯನ್ನು ನಾವು ತಿನ್ನುವುದಿಲ್ಲ, ಕುದಿಸಿ ಸೋಸುತ್ತೇವೆ. ಅದರ ಲೆಕ್ಕವನ್ನೂ ಬಿಡಬಹುದು. ಉಳಿದದ್ದು ಸಕ್ಕರೆ ಮತ್ತು ಹಾಲು. ಸಮಮಟ್ಟದ ಒಂದು ಚಹಾ ಚಮಚ ಸಕ್ಕರೆಯಲ್ಲಿ ಸುಮಾರು 4 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಹಾಲಿನಲ್ಲಿ ಪ್ರತಿ 100 ಮಿಲಿ ಲೀಟರಿಗೆ ಸುಮಾರು 5 ಗ್ರಾಂ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ತಾನಾಗಿಯೇ ಇರುತ್ತದೆ. ಆಕಳ ಹಾಲಿಗೂ ಎಮ್ಮೆ ಹಾಲಿಗೂ ಈ ವಿಷಯದಲ್ಲಿ ಹೆಚ್ಚಿನ ಅಂತರವಿಲ್ಲ. 150 ಮಿಲಿ ಲೀಟರ್ ಹಾಲು, ನಾಲ್ಕು ಚಮಚ ಸಕ್ಕರೆ ಹಾಕಿದ ಒಂದು ದೊಡ್ಡ ಲೋಟದಲ್ಲಿ 23 ಗ್ರಾಂನಷ್ಟು ಆಯಿತು. ಕೆಳಗೆ ಹೇಳುವ ರೀತಿಯಲ್ಲಿ ಮಾಡಿದರೆ ಅದೇ ಲೋಟ 3 ಗ್ರಾಂ ಒಳಗೆ ನಿಲ್ಲುತ್ತದೆ.

ಎರಡು ದೊಡ್ಡ ಲೋಟಗಳಿಗೆ ಅರ್ಧ ಲೀಟರ್ ನೀರು ತೆಗೆದುಕೊಳ್ಳಿ. ಹೆಬ್ಬೆರಳ ಗೆಣ್ಣಿನಷ್ಟು ಹಸಿಶುಂಠಿಯನ್ನು ಜಜ್ಜಿ ಹಾಕಿ. ಸಿಪ್ಪೆ ಬಿರಿಯುವಂತೆ ಕುಟ್ಟಿದ ನಾಲ್ಕು ಯಾಲಕ್ಕಿ, ಎರಡು ಲವಂಗ, ಐದಾರು ಕರಿಮೆಣಸಿನ ಕಾಳು, ಕಿರುಬೆರಳಿನ ಅರ್ಧದಷ್ಟು ಚಕ್ಕೆ ಹಾಗೂ ಅರ್ಧ ಚಮಚ ಸೋಂಪು ಸೇರಿಸಿ. ಬಿಸಿ ಚಹಾಕ್ಕೆ ನೀವು ಹಾಕುವುದರ ಇಮ್ಮಡಿ ಇದು. ತಣ್ಣನೆಯದಕ್ಕೆ ಇಷ್ಟು ಬೇಕು. ಸೋಂಪನ್ನು ಬಿಡಬೇಡಿ, ಅದರ ಎಣ್ಣೆಯಲ್ಲಿರುವ ಅನೆಥೋಲ್ ಎಂಬ ಅಂಶ ಸ್ವತಃ ಸಿಹಿಯಾಗಿದ್ದು, ಸಕ್ಕರೆಯಿಲ್ಲದ ಪಾನೀಯದಲ್ಲಿ ಅದರ ಬೆಲೆ ತಿಳಿಯುತ್ತದೆ. ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಕುದಿದು ನೀರು ನಾನೂರು ಮಿಲಿ ಲೀಟರಿಗೆ ಇಳಿದಾಗ ಒಲೆ ಆರಿಸಿ.

ಚಹಾಪುಡಿ ಹಾಕುವುದು ಒಲೆ ಆರಿಸಿದ ಮೇಲೆ. ನಮ್ಮ ಕಡೆ ಚಹಾ ಎಂದರೆ ಪುಡಿಯನ್ನು ಕೆಂಪು ಬಿಡುವ ತನಕ ಕುದಿಸುವುದೇ ರೂಢಿ. ಹಾಲು, ಸಕ್ಕರೆ ಧಾರಾಳವಾಗಿ ಬೀಳುವಾಗ ಆ ಒಗರು ಅಡಗುತ್ತದೆ, ಇಲ್ಲಿ ಅಡಗಿಸುವವರು ಯಾರೂ ಇಲ್ಲ. ಮೂರು ಚಮಚ ಪುಡಿ ಹಾಕಿ, ಮುಚ್ಚಳ ಮುಚ್ಚಿ, ಮೂರು ನಿಮಿಷಕ್ಕೆ ಸರಿಯಾಗಿ ಸೋಸಿಬಿಡಿ. ಪುಡಿಯ ಬದಲು ಎಲೆ ಚಹಾ ಸಿಕ್ಕರೆ ಐದು ನಿಮಿಷ ಬಿಡಬಹುದು. ಸೋಸುವಾಗ ಚರಟವನ್ನು ಚಮಚದಿಂದ ಒತ್ತಿ ಹಿಂಡಬೇಡಿ, ಕೊನೆಯ ಹನಿಗಳಲ್ಲೇ ಒಗರು ಹೆಚ್ಚು. ಎರಡು ಬೆರಳ ತುದಿಯಲ್ಲಿ ಹಿಡಿದ ಉಪ್ಪಿನಲ್ಲಿ ಅರ್ಧದಷ್ಟನ್ನು ಈಗ ಬೆರೆಸಿ. ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಅದರ ರುಚಿ ನಾಲಿಗೆಗೆ ಗೊತ್ತಾದರೆ ಹೆಚ್ಚಾಯಿತೆಂದು ತಿಳಿಯಿರಿ.

ಈ ಡಿಕಾಕ್ಷನ್ನನ್ನು ಅಡುಗೆಕಟ್ಟೆಯ ಮೇಲೆಯೇ ಆರಲು ಬಿಟ್ಟು, ಆಮೇಲೆ ಮುಚ್ಚಿದ ಬಾಟಲಿಯಲ್ಲಿ ಫ್ರಿಜ್‌ಗೆ ಇಡಿ. ರಾಯಚೂರು ಸೀಮೆಯ ವೈಶಾಖದಲ್ಲಿ ಅಡುಗೆಕಟ್ಟೆಯ ಮೇಲಿಟ್ಟದ್ದು ಪೂರ್ತಿ ತಣ್ಣಗಾಗುವುದನ್ನು ಕಾದು ಕುಳಿತರೆ ಸಂಜೆಯಾದೀತು. ಪಾತ್ರೆ ಮುಟ್ಟಿದರೆ ಉಗುರುಬೆಚ್ಚಗಿದ್ದರೆ ಸಾಕು. ಬಿಸಿಯಾಗಿರುವಾಗಲೇ ಐಸ್ ಮೇಲೆ ಸುರಿಯುವ ಆತುರ ಬೇಡ. ಮೊದಲ ಸಲ ನಾನು ಹಾಗೆಯೇ ಮಾಡಿದ್ದೆ; ಐಸ್ ಅರೆಗಳಿಗೆಯಲ್ಲಿ ಕರಗಿ, ಲೋಟ ತೊಳೆದ ನೀರಿನಂಥ ಚಹಾ ಸಿಕ್ಕಿತು, ಗಾಜಿನ ಲೋಟವೂ ತಳದಲ್ಲಿ ಸೀಳಿತು. ಈಗ ಡಿಕಾಕ್ಷನ್ನಿನಲ್ಲೇ ಒಂದು ಪಾಲನ್ನು ಐಸ್ ಟ್ರೇಯಲ್ಲಿ ಸುರಿದು ಗಟ್ಟಿಯಾಗಿಸಿಕೊಳ್ಳುತ್ತೇನೆ. ಅದು ಕರಗಿದರೂ ಚಹಾ ತೆಳುವಾಗುವುದಿಲ್ಲ.

ಹಾಲಿನ ವಿಷಯದಲ್ಲಿ ನಿಮ್ಮ ಮನೆಯಲ್ಲಿಯೇ ಒಳ್ಳೆಯ ಉಪಾಯವಿದೆ. ಎಮ್ಮೆ ಹಾಲು ಕಾಯಿಸಿ ಆರಿದ ಮೇಲೆ ಮೇಲೆ ಕಟ್ಟುವ ಕೆನೆಯಲ್ಲಿ ಕೊಬ್ಬು ಹೆಚ್ಚು, ಲ್ಯಾಕ್ಟೋಸ್ ಕಡಿಮೆ. ಲೋಟಕ್ಕೆ ಎರಡು ಚಮಚ ಕೆನೆ ಹಾಕಿದರೆ ಅರ್ಧ ಲೋಟ ಹಾಲಿನಷ್ಟು ಮೈ ಬರುತ್ತದೆ. ಆದರೆ ಕೆನೆಯನ್ನು ತಣ್ಣನೆಯ ಚಹಾಕ್ಕೆ ನೇರವಾಗಿ ಹಾಕಿದರೆ ಅದು ಕರಗುವುದಿಲ್ಲ. ಬಿಳಿ ಚೂರುಗಳಾಗಿ ಮೇಲೆ ತೇಲಿ, ಕುಡಿಯುವವರ ಮೀಸೆಗೆ, ಲೋಟದ ಅಂಚಿಗೆ ಜಿಡ್ಡಾಗಿ ಅಂಟಿಕೊಳ್ಳುತ್ತದೆ. ಉಗುರುಬೆಚ್ಚಗಿನ ಡಿಕಾಕ್ಷನ್ ನಾಲ್ಕು ಚಮಚದಷ್ಟು ತೆಗೆದು, ಅದರಲ್ಲಿ ಕೆನೆಯನ್ನು ಕಡೆಗೋಲಿನಿಂದಾಗಲಿ ಮಿಕ್ಸರಿನ ಸಣ್ಣ ಜಾರಿನಲ್ಲಾಗಲಿ ನುಣ್ಣಗೆ ಕಡೆದು, ಆನಂತರ ತಣ್ಣನೆಯ ಚಹಾಕ್ಕೆ ಬೆರೆಸಿ. ತೀರ ಹೆಚ್ಚು ಹೊತ್ತು ಕಡೆದರೆ ಬೆಣ್ಣೆ ಬಂದೀತು. ಕೆನೆ ಬೇಡವೆಂದರೆ, ಅಥವಾ ಕೊಬ್ಬಿನ ವಿಷಯದಲ್ಲಿಯೂ ವೈದ್ಯರ ನಿರ್ಬಂಧವಿದ್ದರೆ, ಲೋಟಕ್ಕೆ 50 ಮಿಲಿ ಲೀಟರ್ ಹಾಲು ಹಾಕಿ. ಎರಡೂವರೆ ಗ್ರಾಂ ಆಗುತ್ತದೆ. ಹಾಲು ಬೆರೆಸಿದ್ದನ್ನು ಅಂದೇ ಮುಗಿಸಬೇಕು. ಬರಿಯ ಡಿಕಾಕ್ಷನ್ ಎರಡು ದಿನ ಚೆನ್ನಾಗಿರುತ್ತದೆ, ಕರೆಂಟ್ ಹೆಚ್ಚು ಹೊತ್ತು ಹೋಗುವ ಊರಾದರೆ ಒಂದೇ ದಿನ ಎಂದಿಟ್ಟುಕೊಳ್ಳಿ.

ಇನ್ನೊಂದು ಮಾತನ್ನು ಮರೆಯಬಾರದು. ನಿಮ್ಮ ಮನೆಯವರು ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಕಾರ್ಬೋಹೈಡ್ರೇಟ್ ಒಮ್ಮೆಲೇ ಕಡಿತಗೊಳಿಸುವ ಮುನ್ನ ಔಷಧದ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಲೇಬೇಕು. ಬೆವರಿ, ಕೈ ನಡುಗಿ, ಕಣ್ಣು ಮಂಜಾದರೆ ಅದು ಸಕ್ಕರೆ ಇಳಿದ ಲಕ್ಷಣವಿರಬಹುದು. ಆಗ ಈ ಚಹಾ ಕೊಟ್ಟರೆ ಉಪಯೋಗವಿಲ್ಲ, ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಹಾಗೆಯೇ ಬಿಸಿಲಿನಲ್ಲಿ ಬೆವರಿ ಬಂದವರಿಗೆ ಮೊದಲು ನೀರು ಇಲ್ಲವೆ ಉಪ್ಪು ಹಾಕಿದ ಮಜ್ಜಿಗೆ ಕೊಡಿ, ಚಹಾ ಆಮೇಲಿರಲಿ.

ಪ್ರಶ್ನೆ: ಸಕ್ಕರೆ ಬೇಡವೆಂದರೆ ಬೆಲ್ಲ, ಜೇನುತುಪ್ಪ ಅಥವಾ ತಾಟಿಬೆಲ್ಲ ಹಾಕಿ ತಣ್ಣನೆಯ ಚಹಾ ಮಾಡಬಹುದಲ್ಲವೇ? ಔಷಧ ಅಂಗಡಿಯಲ್ಲಿ ಸಿಗುವ ಸಿಹಿಗುಳಿಗೆಗಳಿಗಿಂತ ಇವು ನೈಸರ್ಗಿಕವಲ್ಲವೇ?
ನಿವೃತ್ತ ಶಿಕ್ಷಕರು, ಬಳ್ಳಾರಿ

ಉತ್ತರ: ನೈಸರ್ಗಿಕವೆಂಬುದು ನಿಜ, ಕಾರ್ಬೋಹೈಡ್ರೇಟ್ ಕಡಿಮೆಯೆಂಬುದು ನಿಜವಲ್ಲ, ಗುರುಗಳೇ. ಬೆಲ್ಲದ ಬಹುಪಾಲು ಸಕ್ಕರೆಯೇ. ಜೇನುತುಪ್ಪದ 100 ಗ್ರಾಂನಲ್ಲಿ ಸುಮಾರು 80 ಗ್ರಾಂ ಸಕ್ಕರೆಯೇ ಇರುತ್ತದೆ, ಉಳಿದದ್ದು ಹೆಚ್ಚಾಗಿ ನೀರು. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಇದೆಯೆಂಬ ಕಾರಣಕ್ಕೆ ಮಧುಮೇಹಿಗಳು ಅದನ್ನು ಧಾರಾಳವಾಗಿ ಬಳಸುವುದನ್ನು ನಮ್ಮ ಬಂಧುಗಳಲ್ಲಿಯೇ ಕಂಡಿದ್ದೇನೆ. ತಾಟಿಬೆಲ್ಲವೂ ಇದೇ ಸಾಲಿನದು.

ಸಿಹಿಗುಳಿಗೆಗಳಲ್ಲಿಯೂ ಒಂದೊಂದರ ಗುಣ ಒಂದೊಂದು ಬಗೆ. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ, ಕುದಿಯುವ ಚಹಾದಲ್ಲಿ ಕೆಡುವುದಿಲ್ಲ. ಆಸ್ಪರ್ಟೇಮ್ ಹೆಚ್ಚು ಹೊತ್ತು ಕಾಯಿಸಿದರೆ ಸಿಹಿ ಕಳೆದುಕೊಳ್ಳುತ್ತದೆ, ಆರಿದ ಮೇಲೆಯೇ ಹಾಕಬೇಕು. ಪರಾಗ್ವೆ ದೇಶದ ಮೂಲದ ಸ್ಟೀವಿಯಾ ಗಿಡದ ಎಲೆಯ ಸತ್ವ ಸಕ್ಕರೆಗಿಂತ 200ರಿಂದ 300 ಪಟ್ಟು ಸಿಹಿಯಾದರೂ ಕೊನೆಯಲ್ಲಿ ಜೇಷ್ಠಮಧುವಿನಂಥ ಸಣ್ಣ ಕಹಿಯನ್ನು ಉಳಿಸುತ್ತದೆ. ಮಸಾಲೆ ಚಹಾದಲ್ಲಿ ಚಕ್ಕೆ, ಲವಂಗಗಳ ನಡುವೆ ಆ ಕಹಿ ಮರೆಯಾಗುವುದರಿಂದ ನನ್ನ ಆಯ್ಕೆ ಅದೇ, ಅದೂ ಲೋಟಕ್ಕೆ ಒಂದೆರಡು ಹನಿ. ಪುಡಿಯ ರೂಪದ ಪೊಟ್ಟಣ ಕೊಳ್ಳುವಾಗ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಪ್ರಮಾಣ ಹಿಗ್ಗಿಸಲು ಮಾಲ್ಟೋಡೆಕ್ಸ್‌ಟ್ರಿನ್ ಅಥವಾ ಡೆಕ್ಸ್‌ಟ್ರೋಸ್ ಬೆರೆಸಿದ್ದರೆ ಅವೂ ಕಾರ್ಬೋಹೈಡ್ರೇಟುಗಳೇ. ತೂಕ ಇಳಿಸುವ ಸಾಧನವಾಗಿ ಇಂಥ ಬದಲಿ ಸಿಹಿಗಳನ್ನು ಅವಲಂಬಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿತು. ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲವೆಂದೂ ಅದರಲ್ಲೇ ಹೇಳಿದೆ. ಏನೇ ಇರಲಿ, ವಾರಕ್ಕೆ ಒಂದು ಹನಿಯಂತೆ ಇಳಿಸುತ್ತ ಹೋದರೆ ನಾಲಿಗೆ ಹೊಂದಿಕೊಳ್ಳುತ್ತದೆ.

ಲೇಬಲ್ ಓದಬೇಕೆಂದು ಇಷ್ಟು ಒತ್ತಿ ಹೇಳಲು ನನ್ನದೇ ಅನುಭವ ಕಾರಣ. ಹೋದ ಬೇಸಿಗೆಯಲ್ಲಿ ನಿಮ್ಮ ಊರಿನಲ್ಲಿಯೇ ಒಂದು ತಂಪು ಪಾನೀಯದ ಅಂಗಡಿಯಲ್ಲಿ ಸಕ್ಕರೆ ಹಾಕದ ಐಸ್ ಮಸಾಲೆ ಚಹಾ ಕೇಳಿದೆ. ಹುಡುಗ ಸಕ್ಕರೆ ಡಬ್ಬಿಯನ್ನು ಮುಟ್ಟಲಿಲ್ಲ, ಆದರೆ ಕಂದು ಬಣ್ಣದ ಬಾಟಲಿಯೊಂದರಿಂದ ಎರಡು ಮುಚ್ಚಳ ದ್ರವ ಸುರಿದ. ಬಾಟಲಿ ಇಸಿದುಕೊಂಡು ನೋಡಿದರೆ ಒಳಗಿನ ವಸ್ತುಗಳ ಪಟ್ಟಿಯಲ್ಲಿ ಮೊದಲ ಹೆಸರೇ ಸಕ್ಕರೆ. "ಇದು ಮಸಾಲೆ ಸಾರ್, ಸಕ್ಕರೆ ಅಲ್ಲ" ಎಂದು ಅವನು ನಂಬಿಯೇ ಹೇಳಿದ.

ಪ್ರಶ್ನೆ: ಕಪ್ಪು ಮಸಾಲೆ ಚಹಾ ಮಾಡಿ ಫ್ರಿಜ್‌ನಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಸರು ನೀರಿನಂತೆ ಕದಡಿ ನಿಲ್ಲುತ್ತದೆ. ಕೆಟ್ಟಿದೆಯೆಂದು ಚೆಲ್ಲುತ್ತಿದ್ದೇವೆ. ನಮ್ಮಲ್ಲಿ ಬೋರ್‌ವೆಲ್ ನೀರು ಬಳಸುತ್ತೇವೆ. ಕಾರಣವೇನು?
ಓದುಗರು, ಕುಷ್ಟಗಿ

ಉತ್ತರ: ವಾಸನೆ, ರುಚಿ ಸರಿಯಾಗಿದ್ದು ಒಂದು ರಾತ್ರಿಯಷ್ಟೇ ಫ್ರಿಜ್‌ನಲ್ಲಿದ್ದುದಾದರೆ ಅದು ಕೆಟ್ಟಿಲ್ಲ, ಚೆಲ್ಲಬೇಡಿ. ಚಹಾದಲ್ಲಿರುವ ಕೆಫೀನ್ ಮತ್ತು ಒಗರಿನ ಅಂಶಗಳು ಬಿಸಿಯಲ್ಲಿ ಬೇರೆಬೇರೆಯಾಗಿ ಕರಗಿರುತ್ತವೆ, ತಣ್ಣಗಾದಾಗ ಒಂದಕ್ಕೊಂದು ಅಂಟಿಕೊಂಡು ಕಣಗಳಾಗಿ ಕಣ್ಣಿಗೆ ಕಾಣುತ್ತವೆ. ಸ್ವಲ್ಪ ಬಿಸಿನೀರು ಬೆರೆಸಿ ನೋಡಿ, ತಿಳಿಯಾಗುತ್ತದೆ. ಚಹಾ ಎಷ್ಟು ಗಾಢವೋ, ಬಿಸಿಯಿಂದ ತಣ್ಣಗಾಗುವುದು ಎಷ್ಟು ಹಠಾತ್ತೋ ಕದಡುವುದು ಅಷ್ಟು ಹೆಚ್ಚು. ತಾನಾಗಿ ಆರಿದ ಮೇಲೆ ಫ್ರಿಜ್‌ಗೆ ಇಡಿ. ನೀಲಗಿರಿಯ ಎಲೆ ಚಹಾ ತಣ್ಣಗಾದರೂ ಬಹುಮಟ್ಟಿಗೆ ತಿಳಿಯಾಗಿಯೇ ಉಳಿಯುತ್ತದೆ, ಐಸ್ ಚಹಾಕ್ಕೆ ಅದಕ್ಕೆ ಹೆಸರಿರುವುದೂ ಅದರಿಂದಲೇ.

ನಿಮ್ಮ ನೀರಿನ ಪಾತ್ರವೂ ಇದರಲ್ಲಿದೆ. ಗಡಸು ನೀರಿನ ಸುಣ್ಣದಂಶ ಚಹಾದ ಒಗರಿನೊಡನೆ ಸೇರಿ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ, ಬಣ್ಣವನ್ನು ಮಂಕಾಗಿಸುತ್ತದೆ, ಲೋಟದ ಒಳಗೆ ಉಜ್ಜಿದರೂ ಹೋಗದ ಕಂದು ಗೆರೆ ಬಿಡುತ್ತದೆ. ಅದಕ್ಕಿಂತ ಮುಖ್ಯವಾದದ್ದು ಫ್ಲೋರೈಡ್. ಕೊಪ್ಪಳ, ರಾಯಚೂರು ಜಿಲ್ಲೆಗಳ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಅದು ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ನಿಯಮ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಸಾಂದ್ರವಾಗುತ್ತದೆ. ಚಹಾ ಎಲೆಯೂ ಮಣ್ಣಿನಿಂದ ಫ್ಲೋರೈಡನ್ನು ಹೀರಿಕೊಳ್ಳುವ ಸ್ವಭಾವದ್ದು. ಆದ್ದರಿಂದ ಚಹಾಕ್ಕೂ ಐಸಿಗೂ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಬಳಸಿ. ಚಹಾಕ್ಕೆ ಘಟಕದ ನೀರು ತಂದು, ಐಸ್ ಟ್ರೇಗೆ ಮಾತ್ರ ನಲ್ಲಿಯ ಬೋರ್ ನೀರು ಹಿಡಿಯುವ ಮನೆಗಳು ಕಡಿಮೆಯಿಲ್ಲ.

ಪ್ರಶ್ನೆ: ಹಸಿಶುಂಠಿ ಹಾಕಿದಾಗಲೆಲ್ಲ ಹಾಲು ಒಡೆಯುತ್ತದೆ. ಶುಂಠಿಯನ್ನೇ ಬಿಡಬೇಕೇ?
ಕಾಲೇಜು ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ಬಿಡಬೇಕಾಗಿಲ್ಲ. ಹಸಿಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಒಡೆಯುವ ಕಿಣ್ವವಿದೆ, ಕುದಿತಕ್ಕೆ ಅದು ನಾಶವಾಗುತ್ತದೆ. ಶುಂಠಿ ಮೊದಲು ನೀರಿನಲ್ಲಿ ಐದು ನಿಮಿಷವಾದರೂ ಕುದಿಯಲಿ, ಹಾಲು ಆಮೇಲೆ ಬರಲಿ. ನಿಂಬೆರಸ ಹಿಂಡುವ ಆಸೆಯಿದ್ದರೆ ಹಾಲು, ಕೆನೆ ಎರಡನ್ನೂ ಬಿಟ್ಟು ಪುದೀನ ಸೊಪ್ಪಿನೊಡನೆ ಕಪ್ಪು ಚಹಾವನ್ನೇ ಮಾಡಿಕೊಳ್ಳಿ. ಊಟದ ಜೊತೆಗೆ ಮಾತ್ರ ಬೇಡ, ಒಂದು ಗಂಟೆಯ ಅಂತರವಿರಲಿ. ಆಹಾರದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಚಹಾ ತಡೆಯುತ್ತದೆ, ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಮೊದಲೇ ಹೆಚ್ಚು.