ಬಾನೆಟ್ ಕೆಳಗೆ ನಿಮ್ಮ ಕೈ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಸಣ್ಣ ಪೆಟ್ರೋಲ್ ಕಾರು. ವಾರಂಟಿ ಮುಗಿದಿದೆ. ಎಂಜಿನ್ ಆಯಿಲ್ ಮನೆಯಲ್ಲೇ ಬದಲಿಸಬಹುದೆ? – ಓದುಗರೊಬ್ಬರು, ದಾವಣಗೆರೆ

ಧಾರಾಳವಾಗಿ. ಆಯಿಲ್ ಬದಲಿಸುವುದು ಸುಲಭ, ಕಾರಿನಡಿಗೆ ಹೋಗುವುದೇ ಅಪಾಯದ ಕೆಲಸ. ಸ್ಟೆಪ್ನಿ ಜೊತೆ ಬರುವ ಜ್ಯಾಕ್ ಇರುವುದು ಚಕ್ರ ಬದಲಿಸಲು ಮಾತ್ರ. ಅದನ್ನೊಂದೇ ನಂಬಿ ಅಡಿಗೆ ತೂರಲೇಬೇಡಿ. ಎತ್ತಿದ ಕಾರನ್ನು ಹೊತ್ತು ನಿಲ್ಲುವ ಎರಡು ಜ್ಯಾಕ್ ಸ್ಟ್ಯಾಂಡ್ ಅಥವಾ ಮುಂದಿನ ಚಕ್ರ ಹತ್ತಿಸುವ ರ‍್ಯಾಂಪ್ ಬೇಕು. ಹಾಲೋ ಬ್ಲಾಕ್ ಜೋಡಿಸಿ ಕಾರು ನಿಲ್ಲಿಸುವವರಿದ್ದಾರೆ. ಭಾರ ಒಂದೇ ಕಡೆ ಬಿದ್ದರೆ ಆ ಬ್ಲಾಕ್ ಯಾವ ಸೂಚನೆಯನ್ನೂ ಕೊಡದೆ ಪುಡಿಯಾಗುತ್ತದೆ. ಸಮತಟ್ಟಾದ ಜಾಗ ನೋಡಿ, ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರಿಗೆ ಹಾಕಿ, ಹಿಂದಿನ ಚಕ್ರಗಳಿಗೆ ಅಡೆ ಕೊಡಿ.

ಬೇಕಾದ ಸಾಮಾನು: ಹೊಸ ಆಯಿಲ್, ಹೊಸ ಫಿಲ್ಟರ್, ಡ್ರೈನ್ ಬೋಲ್ಟಿಗೆ ಹೊಸ ವಾಷರ್, ರಿಂಗ್ ಸ್ಪ್ಯಾನರ್ (ಹೆಚ್ಚಿನ ಕಾರುಗಳಲ್ಲಿ 14 ಅಥವಾ 17 ಮಿ.ಮೀ.), 5 ಲೀಟರ್ ಹಿಡಿಯುವ ಟ್ರೇ, ಆಲಿಕೆ, ಹಳೇ ಬಟ್ಟೆ. ಆಯಿಲ್ ಗ್ರೇಡ್ ಯಾವುದು, ಎಷ್ಟು ಲೀಟರ್ ಎಂಬುದನ್ನು ಕಾರಿನ ಜೊತೆ ಕೊಟ್ಟ ಕೈಪಿಡಿ ನೋಡಿಯೇ ತೀರ್ಮಾನಿಸಿ. 0ಡಬ್ಲ್ಯು-20 (ತೆಳು ಆಯಿಲ್) ಎಂದು ಬರೆದಿದ್ದರೆ ಅದನ್ನೇ ಹಾಕಿ. ‘ನಮ್ಮ ಬಿಸಿಲಿಗೆ ದಪ್ಪ ಆಯಿಲೇ ಒಳ್ಳೆಯದು’ ಎಂಬ ಅಂಗಡಿಯ ಸಲಹೆ ಹಳೇ ಎಂಜಿನ್‌ಗಳ ಕಾಲದ್ದು.

ಎಂಜಿನ್ ಐದು ನಿಮಿಷ ಓಡಿಸಿ, ಆಫ್ ಮಾಡಿ ಕಾಲು ಗಂಟೆ ಬಿಡಿ. ಆಯಿಲ್ ಉಗುರುಬೆಚ್ಚಗಿದ್ದರೆ ಚೆನ್ನಾಗಿ ಇಳಿಯುತ್ತದೆ, ಕೈಯೂ ಸುಡುವುದಿಲ್ಲ. ಮೇಲಿನ ಮುಚ್ಚಳ ತೆಗೆದಿಟ್ಟು ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ, ಹನಿ ನಿಲ್ಲುವವರೆಗೆ ಬಿಡಿ. ಹಳೇ ಫಿಲ್ಟರ್ ತೆಗೆದಾಗ ಅದರ ರಬ್ಬರ್ ರಿಂಗ್ ಜೊತೆಗೇ ಬಂದಿದೆಯೇ ಎಂದು ಕಡ್ಡಾಯವಾಗಿ ನೋಡಿ. ಅದು ಎಂಜಿನ್ನಿಗೇ ಅಂಟಿಕೊಂಡು, ಅದರ ಮೇಲೆ ಹೊಸ ಫಿಲ್ಟರ್ ಕೂತರೆ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿನಲ್ಲೇ ಆಯಿಲ್ ಎಲ್ಲ ನೆಲಕ್ಕೆ. ಹೊಸ ರಿಂಗಿಗೆ ಒಂದು ಬೆರಳು ಆಯಿಲ್ ಸವರಿ, ಫಿಲ್ಟರನ್ನು ಕೈಯಲ್ಲೇ ತಿರುಗಿಸಿ. ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು ಸಾಕು.

ಡ್ರೈನ್ ಬೋಲ್ಟನ್ನು ಮೊದಲ ನಾಲ್ಕು ಸುತ್ತು ಬೆರಳಲ್ಲೇ ಕೂರಿಸಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ಮನೆಯಲ್ಲಿ ಮಾಡುವವರು ಕೆಡಿಸುವುದು ಹೆಚ್ಚಾಗಿ ಇಲ್ಲೇ. ಆಯಿಲ್ ಚೇಂಬರ್ ಅಲ್ಯೂಮಿನಿಯಂ ಆಗಿದ್ದರೆ, ಸೋರೀತೆಂದು ಬಲ ಹಾಕಿ ಬಿಗಿದಾಗ ಮರೆ (ಬೋಲ್ಟ್ ಕೂರುವ ತಿರುಪಿನ ಎಳೆ) ಕಿತ್ತುಬರುತ್ತದೆ. ಸೋರಿಕೆ ತಡೆಯುವುದು ಹೊಸ ವಾಷರೇ ಹೊರತು ತೋಳಿನ ಬಲವಲ್ಲ.

ಕಾರು ಕೆಳಗಿಳಿಸಿ, ಹೇಳಿದ ಪ್ರಮಾಣಕ್ಕಿಂತ ಕಾಲು ಲೀಟರ್ ಕಡಿಮೆ ಸುರಿಯಿರಿ. ಒಂದು ನಿಮಿಷ ಎಂಜಿನ್ ಓಡಿಸಿ. ಆಯಿಲಿನ ಕೆಂಪು ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು, ಆರದಿದ್ದರೆ ತಕ್ಷಣ ನಿಲ್ಲಿಸಿ. ಐದು ನಿಮಿಷ ಬಿಟ್ಟು, ಆಯಿಲ್ ಮಟ್ಟ ತೋರಿಸುವ ಕಡ್ಡಿಯಾದ ಡಿಪ್‌ಸ್ಟಿಕ್ ನೋಡುತ್ತಾ ಮೇಲಿನ ಗುರುತಿನ ತುಸು ಕೆಳಗಿನವರೆಗೆ ತುಂಬಿಸಿ. ಜಾಸ್ತಿಯಾದರೆ ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ದಂಡ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಗೆ ಬೇರಿಂಗ್ ಕಾಯುವ ತಾಕತ್ತಿಲ್ಲ.

ಹಳೇ ಆಯಿಲನ್ನು ಡಬ್ಬಿಗೆ ತುಂಬಿ ಗ್ಯಾರೇಜಿಗೆ ಕೊಡಿ, ಅವರು ಮರುಬಳಕೆಯವರಿಗೆ ಕಳಿಸುತ್ತಾರೆ. ಗೆದ್ದಲಿಗೆಂದು ಮರಕ್ಕೆ ಬಳಿಯುವ ರೂಢಿ ಹಳ್ಳಿಗಳಲ್ಲಿದೆ. ಬೇಡ, ಅದು ಮಣ್ಣಿಗೂ ಬಾವಿಗೂ ವಿಷ.

ಪ್ರಶ್ನೆ: ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಕಡಿಮೆಯಾದಾಗ ಬೋರ್‌ವೆಲ್ ನೀರು ಹಾಕುತ್ತಿದ್ದೇನೆ. ತೊಂದರೆ ಇದೆಯೆ? – ಓದುಗರೊಬ್ಬರು, ಚಿಂತಾಮಣಿ

ಇದೆ. ನಿಮ್ಮ ಕಡೆಯ ಬೋರ್ ನೀರು ಕಾಯಿಸಿದ ಪಾತ್ರೆಯ ತಳ ನೋಡಿ, ಅದೇ ಬಿಳಿ ಗಸಿ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಕೂರುತ್ತದೆ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿ ಹಾಕಿ. ಬೆರೆಸಿಯೇ ಮಾರುವ ಡಬ್ಬಿಯಾದರೆ ಮತ್ತೆ ನೀರು ಸೇರಿಸಬೇಡಿ. ಬಣ್ಣ ಒಂದೇ ಇದ್ದ ಮಾತ್ರಕ್ಕೆ ಎರಡು ಕೂಲೆಂಟ್ ಒಂದೇ ಜಾತಿಯಲ್ಲ. ದಾರಿಯಲ್ಲಿ ಬೇರೆ ಗತಿಯಿಲ್ಲದಾಗ ಯಾವ ನೀರಾದರೂ ಸರಿ, ಆದರೆ ಊರಿಗೆ ಬಂದ ಮೇಲೆ ಪೂರ್ತಿ ಖಾಲಿ ಮಾಡಿ ತೊಳೆಸಿ.

ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಒಳಗೆ ಒತ್ತಡವಿರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಾದ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಅಸಲಿ ಪ್ರಶ್ನೆ ಬೇರೆ: ಕೂಲೆಂಟ್ ಪದೇಪದೇ ಏಕೆ ಕಡಿಮೆಯಾಗುತ್ತಿದೆ? ಅದು ಖರ್ಚಾಗುವ ವಸ್ತುವಲ್ಲ. ಹೋಸ್ ಪೈಪಿನ ಕ್ಲ್ಯಾಂಪ್, ವಾಟರ್ ಪಂಪ್, ರೇಡಿಯೇಟರಿನ ಅಂಚು, ಇಲ್ಲೆಲ್ಲ ಒಣಗಿದ ಬಣ್ಣದ ಕಲೆ ಇದೆಯೇ ಹುಡುಕಿ. ಹೊರಗೆಲ್ಲೂ ಸೋರದೆ, ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನೊಳಗೆ ಆಯಿಲ್, ಕೂಲೆಂಟ್ ಬೆರೆಯದಂತೆ ತಡೆಯುವ ಪದರ) ಹೋಗಿರಬಹುದು. ಆಗ ಕಾರು ಓಡಿಸದೆ ಮೆಕ್ಯಾನಿಕ್ ಕರೆಸಿ.

ಪ್ರಶ್ನೆ: ಬ್ರೇಕ್ ಆಯಿಲ್ ಕೆಳಗಿನ ಗುರುತಿನ ಹತ್ತಿರ ಬಂದಿದೆ. ನಾನೇ ತುಂಬಿಸಲೆ? – ಓದುಗರೊಬ್ಬರು, ಮೂಡಿಗೆರೆ

ಮೊದಲು ಬ್ರೇಕ್ ಪ್ಯಾಡ್ ನೋಡಿ. ಪ್ಯಾಡ್ ಸವೆದಂತೆ ಪಿಸ್ಟನ್ ಮುಂದೆ ಸರಿದು, ಆ ಜಾಗಕ್ಕೆ ಆಯಿಲ್ ಇಳಿಯುತ್ತದೆ. ತಿಂಗಳುಗಟ್ಟಲೆಯಲ್ಲಿ ನಿಧಾನವಾಗಿ ಇಳಿದಿದ್ದರೆ ಹೆಚ್ಚಾಗಿ ಕಾರಣ ಇದೇ. ಈಗ ತುಂಬಿಸಿದರೆ ಹೊಸ ಪ್ಯಾಡ್ ಹಾಕುವಾಗ ಉಕ್ಕಿ ಚೆಲ್ಲುತ್ತದೆ, ಬಿದ್ದಲ್ಲೆಲ್ಲ ಪೇಂಟ್ ತಿನ್ನುತ್ತದೆ. ನಾಲ್ಕೇ ದಿನದಲ್ಲಿ ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಕಾರು ತೆಗೆಯಲೇಬೇಡಿ.

ಹಾಕುವುದಾದರೆ ಮುಚ್ಚಳದ ಮೇಲೆ ಬರೆದ ಡಾಟ್ 3 ಅಥವಾ ಡಾಟ್ 4 ಎಂಬ ದರ್ಜೆ ನೋಡಿ, ಸೀಲ್ ಒಡೆಯದ ಡಬ್ಬಿಯಿಂದ ಹಾಕಿ. ಈ ದ್ರವ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಚಾರ್ಮಾಡಿ ಘಾಟಿಯಂಥ ಇಳಿಜಾರಿನಲ್ಲಿ ಒಂದೇ ಸಮನೆ ಬ್ರೇಕ್ ಒತ್ತಿದಾಗ ಅದು ಕುದಿದು ಗುಳ್ಳೆಯೆದ್ದರೆ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ. ನಿಮ್ಮ ಮಲೆನಾಡಿನಲ್ಲಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಬದಲಿಸಿ, ಪೈಪಿನೊಳಗಿನ ಏರ್ ತೆಗೆಯುವ ಆ ಕೆಲಸವನ್ನು ಗ್ಯಾರೇಜಿಗೇ ಬಿಡಿ.

ಪ್ರಶ್ನೆ: ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಪುಡಿ, ಬೆಳಿಗ್ಗೆ ಸೆಲ್ಫ್ ಎಳೆಯುವುದಿಲ್ಲ. ಬ್ಯಾಟರಿ ಹೋಯಿತೆ? – ಓದುಗರೊಬ್ಬರು, ಗದಗ

ಹೋಗಿಲ್ಲದಿರಬಹುದು. 10 ಮಿ.ಮೀ. ಸ್ಪ್ಯಾನರಿನಿಂದ ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ. ತಿರುವುಮುರುವಾದರೆ ಪ್ಲಸ್ ಬಿಚ್ಚುವ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿ ಕಿಡಿ ಹಾರುತ್ತದೆ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಒರೆಸಿ ಒಣಗಿಸಿ. ಜೋಡಿಸುವಾಗ ಪ್ಲಸ್ ಮೊದಲು. ಬಿಗಿದ ಮೇಲೆ ವ್ಯಾಸಲೀನ್ ಸವರಿ.

ಮಾರನೆಯ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಬ್ಯಾಟರಿಗೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಇಡಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಅಂದರೆ ಅರ್ಧ. ಪೂರ್ತಿ ಚಾರ್ಜ್ ಇದ್ದೂ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ಇರಬೇಕು. 12ರ ಆಸುಪಾಸಿನಲ್ಲೇ ನಿಂತಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಿಸಿ. ಅದನ್ನು ಸರಿಪಡಿಸದೆ ಹೊಸ ಬ್ಯಾಟರಿ ಕೊಂಡರೂ ವಾರದಲ್ಲಿ ಅದೂ ಇಳಿದುಹೋಗುತ್ತದೆ.

ಪ್ರಶ್ನೆ: ಟೈರ್ ಗಾಳಿ ಯಾವಾಗ ನೋಡಬೇಕು? – ಓದುಗರೊಬ್ಬರು, ಉಡುಪಿ

ಬೆಳಿಗ್ಗೆ, ಕಾರು ತೆಗೆಯುವ ಮುಂಚೆ. ಓಡಿದ ಟೈರಿನಲ್ಲಿ ಗಾಳಿಯ ಒತ್ತಡ ಮೂರು-ನಾಲ್ಕು ಪಿಎಸ್‌ಐ ಹೆಚ್ಚು ತೋರಿಸುತ್ತದೆ, ಹೆಚ್ಚಾಯಿತೆಂದು ಗಾಳಿ ಇಳಿಸಬೇಡಿ. ಎಷ್ಟಿರಬೇಕೆಂಬ ಅಂಕಿ ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರ್ ಮೇಲಿರುತ್ತದೆ. ಟೈರಿನ ಮೇಲೆ ಅಚ್ಚಾದದ್ದು ಗರಿಷ್ಠ ಮಿತಿ. ಸ್ಟೆಪ್ನಿಯನ್ನೂ ನೋಡಿ.