ಓದುಗರ ಪ್ರಶ್ನೆ: ಕೈ ಎಲ್ಲಿಟ್ಟುಕೊಳ್ಳಲಿ, ಮೇಡಂ?

ಈ ಸಲ ಬಂದ ಪತ್ರಗಳಲ್ಲಿ ಮಾತಿಗಿಂತ ಮಾತಿನ ಸುತ್ತಮುತ್ತಲಿನ ಗೊಂದಲವೇ ಜಾಸ್ತಿ. ಕೈ, ಮುಖ, ದನಿ, ಮೌನ. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಶಿರಸಿಯ ಒಂದು ಸಹಕಾರಿ ಸಂಘದಲ್ಲಿ ನನಗೆ ಕೌಂಟರ್ ಕೆಲಸ. ಇತ್ತೀಚೆಗೆ ತರಬೇತಿ ಕೊಟ್ಟರು. ಸಂವಹನದಲ್ಲಿ ಶಬ್ದದ ಪಾಲು ಶೇ. 7 ಮಾತ್ರ, ಉಳಿದ ಶೇ. 93 ದನಿ ಮತ್ತು ಹಾವಭಾವ ಅಂದರು. ಕೈ ಕಟ್ಟಬೇಡಿ, ಮೂಗು ಮುಟ್ಟಬೇಡಿ ಅಂತೆಲ್ಲ ಹೇಳಿದರು. ಅವತ್ತಿನಿಂದ ಸದಸ್ಯರು ಎದುರು ಬಂದರೆ ಕೈ ಎಲ್ಲಿಟ್ಟುಕೊಳ್ಳಲಿ ಅನ್ನೋದೇ ಯೋಚನೆ. ಹೇಳಬೇಕಾದ್ದೇ ಮರೆತುಹೋಗುತ್ತದೆ.

ಉತ್ತರ: ಮೊದಲು ಆ ಶೇ. 93ನ್ನು ತಲೆಯಿಂದ ತೆಗೆದುಹಾಕಿ. ಅದು ಸುಮ್ನೆ ಹುಟ್ಟಿದ ಲೆಕ್ಕ ಅಲ್ಲ, ಆದರೆ ಹುಟ್ಟಿದ ಜಾಗ ಬೇರೆ.

1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ ಮತ್ತು ಜೊತೆಗಾರರು ಎರಡು ಪ್ರಯೋಗ ಮಾಡಿದರು. ಬಿಡಿ ಬಿಡಿ ಶಬ್ದಗಳನ್ನು ಬೇರೆ ಬೇರೆ ದನಿಯಲ್ಲಿ ಹೇಳಿಸಿ ಕೇಳಿಸಿದರು. ಇನ್ನೊಂದರಲ್ಲಿ ದನಿಯ ಜೊತೆ ಮುಖದ ಫೋಟೊ ತೋರಿಸಿದರು. ಮಾತಾಡಿದವರಿಗೆ ಎದುರಿನವರ ಮೇಲೆ ಪ್ರೀತಿಯೋ ಬೇಸರವೋ ಅಂತ ಊಹಿಸಲು ಹೇಳಿದರು. ಎರಡನ್ನೂ ಸೇರಿಸಿದಾಗ ಸಿಕ್ಕಿದ್ದು ಶಬ್ದಕ್ಕೆ 7, ದನಿಗೆ 38, ಮುಖಕ್ಕೆ 55. ಭಾವನೆಯ ವಿಷಯ ಬಿಟ್ಟು ಬೇರೆ ಮಾತಿಗೆ ಈ ಸೂತ್ರ ಹೊಂದುವುದಿಲ್ಲ ಅಂತ ಮೆಹ್ರೇಬಿಯನ್ ಅವರೇ ಹೇಳಿದ್ದಾರೆ. ತರಬೇತಿ ಕೊಡುವವರು ಆ ಸಾಲನ್ನು ಮಾತ್ರ ಬಿಟ್ಟುಬಿಡುತ್ತಾರೆ!

ನಮ್ಮ ಜಿಲ್ಲೆಯವರಿಗೆ ಇದಕ್ಕೆ ಪ್ರಯೋಗವೂ ಬೇಕಾಗಿಲ್ಲ. ತಾಳಮದ್ದಳೆ ನೋಡಿದ್ದೀರಲ್ಲ? ವೇಷ ಇಲ್ಲ, ಕುಣಿತ ಇಲ್ಲ. ಪಾತ್ರಗಳ ಮಾತಾಡುವ ಅರ್ಥಧಾರಿಗಳು ಕೂತಲ್ಲೇ ಕೂತು ವಾದ ಮಾಡುತ್ತಾರೆ. ಬರೀ ಶೇ. 7ಕ್ಕೆ ಜನ ಅಷ್ಟು ಹೊತ್ತು ಕೂರುತ್ತಾರಾ? ಎಲ್ಲವೂ ತುಂಬಿರುವ ಯಕ್ಷಗಾನದಲ್ಲೂ ಆಂಗಿಕ (ಮೈ), ವಾಚಿಕ (ಮಾತು), ಆಹಾರ್ಯ (ವೇಷ), ಸಾತ್ವಿಕ (ಭಾವ) ಅಂತ ನಾಲ್ಕು ಅಭಿನಯ ಎಣಿಸುತ್ತಾರೆ. ಯಾರೂ ಮಾತಿಗೆ ಏಳೇ ಅಂಕ ಕೊಟ್ಟು ಮೂಲೆಗೆ ಕೂರಿಸಿಲ್ಲ.

ನಿಮ್ಮ ಕೌಂಟರಿಗೆ ಬರೋಣ. ಬೆಳೆ ಸಾಲದ ಕಂತಿಗೆ ಮಾರ್ಚ್ 31 ಕೊನೆಯ ದಿನ ಅಂತಿಟ್ಟುಕೊಳ್ಳಿ. ಅದನ್ನು ಯಾವ ಹುಬ್ಬಿನಲ್ಲಿ ಹೇಳುತ್ತೀರಿ? ಬಾಯಲ್ಲೇ ಹೇಳಬೇಕು. ಬಡ್ಡಿ ಎಷ್ಟು, ಯಾವ ಕಾಗದ ತರಬೇಕು, ಎಲ್ಲ ಹಾಗೇ. ಇನ್ನು "ಕೂತ್ಕೊಳ್ಳಿ ಹೆಗಡೇರೇ" ಅಂತ ಬಾಯಿ ಹೇಳಿ, ಕಣ್ಣು ಗಡಿಯಾರದ ಮೇಲಿದ್ದರೆ ಅವರು ನಂಬುವುದು ಕಣ್ಣನ್ನೇ. ಮೆಹ್ರೇಬಿಯನ್ ಲೆಕ್ಕ ಕೆಲಸಕ್ಕೆ ಬರುವುದು ಇಂಥ ಜಾಗದಲ್ಲಿ. ಹಾಗಾಗಿ ಕೈಯನ್ನು ಅದರ ಪಾಡಿಗೆ ಬಿಡಿ, ಕಣ್ಣನ್ನು ಬಂದವರ ಕಡೆಗೆ ಇಡಿ.

ಕೈ ಆಡುವುದು ತಪ್ಪೂ ಅಲ್ಲ. ಹುಟ್ಟಿನಿಂದ ಕಣ್ಣು ಕಾಣದ ಮಕ್ಕಳೂ ಮಾತಾಡುವಾಗ ಕೈ ಆಡಿಸುತ್ತಾರೆ, ಕೇಳುವವರಿಗೆ ಕಣ್ಣು ಕಾಣದಿದ್ದರೂ ಆಡಿಸುತ್ತಾರೆ ಅಂತ 1998ರಲ್ಲಿ ಇಬ್ಬರು ಸಂಶೋಧಕಿಯರು ತೋರಿಸಿಕೊಟ್ಟರು. ಕೈ ಮಾತಿನ ಜೊತೆಗೇ ಬರುತ್ತದೆ. ಅದನ್ನು ಹಿಡಿದುಕೊಂಡರೆ ನಿಮ್ಮ ಮಾತೂ ತಡವರಿಸಬಹುದು. ಕೈ ಖಾಲಿ ಅನ್ನಿಸಿದರೆ ಪೆನ್ನು ಹಿಡಿದು ಪಾಸ್‌ಬುಕ್ಕಿನ ಅಂಕಿ ತೋರಿಸುತ್ತಾ ಮಾತಾಡಿ. ಇನ್ನು ಕೈ ಕಟ್ಟಿದರೆ ಮನಸ್ಸು ಮುಚ್ಚಿದೆ ಅನ್ನುವ ಮಾತು. ಶಿರಸಿಯ ಜುಲೈ ಮಳೆಯಲ್ಲಿ ಕೈ ಕಟ್ಟದೇ ನಿಲ್ಲುವವರನ್ನು ಆ ತರಬೇತಿಯವರು ತೋರಿಸಲಿ ನೋಡೋಣ.

ಪ್ರಶ್ನೆ: ನಾನು ಬೆಳೆದದ್ದು ಕಾರವಾರದ ಬೈತಖೋಲ ಬಂದರಿನ ಹತ್ತಿರ. ಮದುವೆಯಾಗಿ ಸಿದ್ದಾಪುರ ಕಡೆಯ ತೋಟದ ಮನೆಗೆ ಬಂದಿದ್ದೇನೆ. ನಾನು ಮಾತಾಡಿದರೆ ಜಗಳ ಆಡಿದ ಹಾಗೆ ಅನ್ನಿಸುತ್ತದೆ ಅಂತ ಅತ್ತೆ ನನ್ನ ಗಂಡನ ಹತ್ತಿರ ಹೇಳಿದರಂತೆ. ನನಗೆ ಯಾರ ಮೇಲೂ ಸಿಟ್ಟಿಲ್ಲ.

ಉತ್ತರ: ಸುತ್ತ ಗದ್ದಲ ಇದ್ದರೆ ನಮ್ಮ ದನಿ ತಾನಾಗಿಯೇ ಏರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ಡ್ 1911ರಲ್ಲೇ ಇದನ್ನು ಬರೆದಿಟ್ಟರು. ದೋಣಿ ಇಂಜಿನ್ನು, ಮೀನಿನ ಹರಾಜು, ಗಾಳಿ, ಇವುಗಳ ನಡುವೆ ಬೆಳೆದವರಿಗೆ ಆ ದನಿಯೇ ರೂಢಿಯಾಗಿರಬಹುದು ಅಂತ ನನ್ನ ಊಹೆ. ಅದೇ ದನಿ ತೋಟದ ಮನೆಯ ಜಗಲಿಯಲ್ಲಿ ಎರಡು ಪಟ್ಟು ಕೇಳುತ್ತದೆ.

ಇನ್ನೊಂದು ಗಮನಿಸಿ. ನಿಮ್ಮ ಅತ್ತೆಗೂ ಜೋರು ದನಿ ಇದೆ. ತೋಟದ ತುದಿಯಲ್ಲಿ ಇರುವವರನ್ನು ಊಟಕ್ಕೆ ಕರೆಯುವಾಗ 'ಕೂ' ಹಾಕುವುದನ್ನು ಕೇಳಿರುತ್ತೀರಿ. ಅವರ ಲೆಕ್ಕದಲ್ಲಿ ದೂರಕ್ಕೆ ಒಂದು ದನಿ, ಹತ್ತಿರಕ್ಕೆ ಒಂದು ದನಿ. ನೀವು ಹತ್ತಿರ ನಿಂತು ದೂರದ ದನಿ ಬಳಸುತ್ತೀರಿ, ಅಷ್ಟೇ. ಒಂದೂವರೆ ಅಡಿಯಿಂದ ನಾಲ್ಕು ಅಡಿಯವರೆಗಿನದು ಆಪ್ತರ ಮಾತಿನ ಅಂತರ ಅಂತ ಎಡ್ವರ್ಡ್ ಹಾಲ್ ಎಂಬ ಮಾನವಶಾಸ್ತ್ರಜ್ಞ 1966ರಲ್ಲಿ ಬರೆದರು. ಅವರು ಅಳೆದದ್ದು ಅಮೆರಿಕದವರನ್ನು, ನಮ್ಮಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು. ಅಷ್ಟು ಹತ್ತಿರದಲ್ಲಿ ದನಿ ಏರಿದರೆ ಎಲ್ಲಿಯಾದರೂ ಜಗಳದ ವಾಸನೆ ಬರುತ್ತದೆ.

ಸ್ವಭಾವ ಬದಲಿಸಿಕೊಳ್ಳಲು ಹೋಗಬೇಡಿ. "ಅತ್ತೇ, ನಮ್ಮ ಕಡೆ ಎಲ್ಲರೂ ಹೀಗೇ ಜೋರು. ಸಿಟ್ಟಲ್ಲ. ಜಾಸ್ತಿ ಆದರೆ ಹೇಳಿ" ಅಂತ ನೀವೇ ಹೇಳಿಬಿಡಿ. ಕೆಲಸ ಮಾಡುತ್ತಾ, ಕಾಯಿ ತುರಿಯುತ್ತಾ ಹೇಳಿದರೆ ಇನ್ನೂ ಸುಲಭ. ಅವರೂ ಇನ್ನು ಮುಂದೆ ಮಗನ ಮೂಲಕ ಹೇಳಿಸದೇ ನಿಮಗೇ ಹೇಳಬಹುದು. ನಡುವೆ ಸುದ್ದಿ ತಂದು ಕೈ ತೊಳೆದುಕೊಂಡ ನಿಮ್ಮ ಗಂಡನ ಬಗ್ಗೆ ನನಗೆ ಸ್ವಲ್ಪ ಬೇಸರ ಇದೆ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿದ್ದೇನೆ, ಅಪ್ಪ ಯಲ್ಲಾಪುರದಲ್ಲಿ. ಫೋನ್ ಮಾಡಿದರೆ "ಹೂಂ, ಅಡ್ಡಿಲ್ಲೆ, ಇಡ್ತೆ" ಅಷ್ಟೇ. ಪ್ರಶ್ನೆ ಕೇಳಿದ ಮೇಲೂ ಸುಮಾರು ಹೊತ್ತು ಸುಮ್ಮನಿರುತ್ತಾರೆ. ನನ್ನ ಮೇಲೆ ಬೇಸರವಾ?

ಉತ್ತರ: ಎದುರಾಬದುರು ಮಾತಿನಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ಅಂತರ ಸುಮಾರು ಕಾಲು ಸೆಕೆಂಡು. ಹತ್ತು ಭಾಷೆಗಳನ್ನು ಹೋಲಿಸಿದ 2009ರ ಅಧ್ಯಯನದಲ್ಲಿ ಹೆಚ್ಚುಕಡಿಮೆ ಇಷ್ಟೇ ಸಿಕ್ಕಿತು. ಅದಕ್ಕಿಂತ ತಡವಾದರೆ ನಮಗೆ ಅನುಮಾನ ಶುರು. ಆದರೆ ಘಟ್ಟದ ನೆಟ್‌ವರ್ಕಿನಲ್ಲಿ ನಿಮ್ಮ ಮಾತು ಹೋಗಿ ಅವರ ಮಾತು ಬರುವಷ್ಟರಲ್ಲೇ ಅಷ್ಟು ಹೊತ್ತು ಕಳೆದಿರಬಹುದು. ಟವರಿನ ತಪ್ಪನ್ನು ಅಪ್ಪನ ಮೇಲೆ ಹಾಕಬೇಡಿ.

"ಚೆನ್ನಾಗಿದ್ದೀರಾ" ಅಂತ ಕೇಳಿದರೆ "ಹೂಂ" ಬಿಟ್ಟು ಬೇರೆ ಏನು ಬರಬೇಕು? "ಅಡಿಕೆ ಕೊಳೆಗೆ ಮದ್ದು ಹೊಡೆಸಿ ಆಯ್ತಾ, ಈ ಸಲ ಯಾರು ಬಂದಿದ್ದರು" ಅಂತ ಕೇಳಿ ನೋಡಿ.

ಮೊದಲು ಚೆನ್ನಾಗಿ ಮಾತಾಡುತ್ತಿದ್ದವರು ಈಗೀಗ ಹೀಗಾಗಿದ್ದರೆ ಕಿವಿ ತೋರಿಸಿ. ವಯಸ್ಸಾದಾಗ ಮೊದಲು ಕೈಕೊಡುವುದು ತೆಳು ದನಿಗಳು. ಸ, ಶ ತಪ್ಪಿಹೋಗುತ್ತವೆ. ಮುಖ ಕಾಣದ ಫೋನಿನಲ್ಲಿ ಇನ್ನೂ ಕಷ್ಟ. ಕೇಳಲಿಲ್ಲ ಅನ್ನಲು ಸಂಕೋಚ, ಹಾಗಾಗಿ "ಹೂಂ" ಅಂದುಬಿಡುತ್ತಾರೆ. ಟಿವಿ ಸೌಂಡು ಏರಿದೆಯಾ ಅಂತ ಅಮ್ಮನನ್ನು ಕೇಳಿ, ಗೊತ್ತಾಗುತ್ತದೆ.

ಪ್ರಶ್ನೆ: ಕೈಗಾದಲ್ಲಿ ಕೆಲಸ. ಉತ್ತರ ಭಾರತದಿಂದ ಹೊಸದಾಗಿ ಬಂದ ಮೇಲಧಿಕಾರಿ ಏನಾದರೂ ಹೇಳಿದಾಗ ನಾನು ತಲೆ ಆಡಿಸಿದರೆ, "ಹೌದೋ ಅಲ್ಲವೋ" ಅಂತ ರೇಗುತ್ತಾರೆ.

ಉತ್ತರ: ಅವರು ರೇಗುವುದರಲ್ಲಿ ಅರ್ಥ ಇದೆ. ನಾವು ತಲೆಯನ್ನು ಪಕ್ಕಕ್ಕೆ ಓಲಿಸಿದರೆ ಅದು "ಆಯ್ತು" ಆಗಬಹುದು, "ಕೇಳಿಸಿತು" ಆಗಬಹುದು, "ನೋಡೋಣ" ಕೂಡ ಆಗಬಹುದು. ಬಲ್ಗೇರಿಯಾದಲ್ಲಂತೂ ತಲೆ ಅಡ್ಡಡ್ಡ ಆಡಿಸಿದರೇ ಹೌದು ಅಂತ. ವಿಮಾನದ ಪೈಲಟ್‌ಗಳು ಕಂಟ್ರೋಲ್ ಟವರಿನ ಸೂಚನೆಯನ್ನು ಬಾಯಿಬಿಟ್ಟು ಮತ್ತೆ ಹೇಳಿ ಒಪ್ಪಿಸುತ್ತಾರೆ. ನೀವೂ ಅದನ್ನೇ ಮಾಡಿ: "ಸರಿ ಸರ್, ಮಧ್ಯಾಹ್ನದೊಳಗೆ ಆ ಪಟ್ಟಿ ಕೊಡ್ತೇನೆ." ತಲೆ ಆಡಿಸುವುದನ್ನು ಬಿಡಬೇಕಾಗಿಲ್ಲ. ಬಿಡಲು ಆಗುವುದೂ ಇಲ್ಲ.